ಕಾಮಗೆರೆಯಲ್ಲಿ ನಿಂತ ಮೀಸೆ

ನನ್ನ ಮದುವೆಗೆ ಎರಡು ವಾರ ಇರುವಾಗ ನನ್ನ ಮೀಸೆ ಬಾಜಿಗೆ ಬಿತ್ತು. ಇಟ್ಟವನು ನಾನೇ. ಯಾರೂ ಕೈ ಹಿಡಿದು ಇಡಿಸಲಿಲ್ಲ. ಮೊದಲು ಬೋರ್ಡಿನ ವಿಷಯ ಹೇಳುತ್ತೇನೆ. ಅದು ಗೊತ್ತಾಗದೆ ಮೀಸೆಯ ವಿಷಯ ಗೊತ್ತಾಗುವುದಿಲ್ಲ.

ಆಗ ನಾನು ಕೊಳ್ಳೇಗಾಲದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿದ್ದೆ. ಊರು ಬಂಡಳ್ಳಿ. ಏಳನೇ ಕ್ಲಾಸು ಫೇಲಾದ ಮೇಲೆ ಸ್ಕೂಲಿಗೂ ನನಗೂ ಮಾತಿಲ್ಲ. ಪಕ್ಕದ ಶೆಡ್ಡಿನಲ್ಲಿ ಒಬ್ಬ ಪೇಂಟರ್ ಇದ್ದ. ನಂಬರ್ ಪ್ಲೇಟು, ಅಂಗಡಿ ಬೋರ್ಡು, ಲಾರಿಯ ಹಿಂದಿನ ತಾವರೆ ಹೂವು, ಎಲ್ಲ ಬರೆಯುತ್ತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬಾಯಿ ಮಾತ್ರ ಊರಿಗೇ ದೊಡ್ಡದು. ನಾನು ಅವನನ್ನು ಅಣ್ಣ ಅನ್ನುತ್ತಿದ್ದೆ. ಅವನು ನನ್ನನ್ನು ಲೇ ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಗುಜರಿಯವನು ತನ್ನ ತಳ್ಳುಗಾಡಿಯ ಚಕ್ರಕ್ಕೆ ಪ್ಯಾಚ್ ಹಾಕಿಸಲು ಬಂದ. ಗಾಡಿಯ ಮೇಲೆ ಒಂದು ದುಂಡನೆ ಹಲಗೆ ಇತ್ತು. ಕೆಂಪು, ಹಸಿರು, ಕಪ್ಪು, ಬಿಳಿ ಪಟ್ಟೆ. ಸುತ್ತ ತಂತಿಯಲ್ಲಿ ಮಾಡಿದ ನಂಬರುಗಳು. ಜೊತೆಗೆ ಒಂದು ಚೀಲದಲ್ಲಿ ಬಾಲ ಇರುವ ಆರು ಸೂಜಿ.

“ಇದೇನಣ್ಣ?” ಅಂದೆ.

“ಯಾವನಿಗ್ ಗೊತ್ತು. ಬೆಟ್ಟದ ಮ್ಯಾಲೆ ಒಂದ್ ಗೆಸ್ಟ್ ಹೌಸಲ್ಲಿ ಕೊಟ್ರು. ಇಂಜೆಕ್ಷನ್ ಆಕೋ ಹಲ್ಗೆ ಇರ್ಬೇಕು. ಕಬ್ಬಿಣ ಅಂದ್ರೆ ಕಬ್ಬಿಣ ಅಲ್ಲ, ರದ್ದಿ ಅಂದ್ರೆ ರದ್ದಿ ಅಲ್ಲ, ಪ್ಲಾಸ್ಟಿಕ್ ಅಂತೂ ಅಲ್ವೇ ಅಲ್ಲ. ಯಾವ್ದ್ರಲ್ಲಿ ಸೇರ್ಸಿ ತೂಗ್ಲಿ? ನೀನೇ ಮಡಿಕೊ, ಪ್ಯಾಚ್‌ಗೆ ಸರಿ ಓಯ್ತದೆ.”

ಇಟ್ಟುಕೊಂಡೆ. ಸೂಜಿ ಎಸೆದು ಆಡುವ ಆಟ ಅಂತ ಪೇಂಟರ್‌ಗೆ ಗೊತ್ತಿತ್ತು, ಎಲ್ಲೋ ಟೀವಿಯಲ್ಲಿ ನೋಡಿದ್ದನಂತೆ. ಆದರೆ ನಂಬರುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದ ಹಾಗೆ ಅವನ ಮುಖ ಕೆಟ್ಟಿತು.

“ಇಪ್ಪತ್ತು, ಒಂದು, ಹದಿನೆಂಟು, ನಾಕು, ಹದ್ಮೂರು... ಲೇ, ಇದ್ನ ಮಾಡ್ದೋನು ನಿನ್ ಜೊತೇಲಿ ಫೇಲಾದೋನು ಕಣ್ಲಾ!”

“ನಾನ್ ಫೇಲಾಗಿದ್ದು ಇಂಗ್ಲಿಷಲ್ಲಿ ಕಣಣ್ಣ. ಎಣಿಕೇಲಲ್ಲ. ಒಂದಾದ್ ಮ್ಯಾಲೆ ಎಲ್ಡು ಅಂತ ನಂಗೂ ಗೊತ್ತು.”

“ಅದ್ಕೇ ನೋಡು, ಗೆಸ್ಟ್ ಹೌಸ್ನೋರು ಬಿಸಾಕವ್ರೆ. ನಂಬರ್ ಕಲಸೋಗದೆ ಅಂತ.”

ಬೇರೆಯವರು ಬರೆದ ಬೋರ್ಡಿನಲ್ಲಿ ತಪ್ಪು ಕಂಡರೆ ಪೇಂಟರ್‌ಗೆ ಅನ್ನ ಇಳಿಯುವುದಿಲ್ಲ. ನನ್ನ ಟೈರ್ ಲಿವರ್ ತೆಗೆದುಕೊಂಡು ತಂತಿಯ ಬಳೆಯನ್ನು ಎಬ್ಬಿಸಿಯೇ ಬಿಟ್ಟ. “ಅದು ಕಬ್ಬಿಣ, ಅದು ನಂದು” ಅಂತ ಗುಜರಿಯವನು ಅದನ್ನು ವಾಪಸ್ ತೆಗೆದುಕೊಂಡು ಹೋದ. ಪೇಂಟರ್ ಹಲಗೆಯ ಅಂಚಿಗೆ ಕಪ್ಪು ಬಳಿದು, ಒಣಗಿದ ಮೇಲೆ ಬಿಳಿ ಪೇಂಟಿನಲ್ಲಿ ಕನ್ನಡ ಅಂಕಿ ಬರೆದ. ಗಡಿಯಾರದಲ್ಲಿ ಹನ್ನೆರಡು ಇರುವ ಜಾಗಕ್ಕೆ ೨೦. ಅದರ ಬಲಕ್ಕೆ ೧, ೨, ೩ ಅಂತ ಸುತ್ತಿಕೊಂಡು ಬಂದು ಎಡಗಡೆ ೧೮, ೧೯. ಬಲು ಚೆನ್ನಾಗಿತ್ತು. ನಾವಿಬ್ಬರೂ ದೂರ ನಿಂತು ನೋಡಿದೆವು. ಪ್ರಪಂಚದ ಒಂದು ತಪ್ಪು ತಿದ್ದಿದ ಸಮಾಧಾನ ಆಯಿತು.

ಮೊದಲ ದಿನಗಳಲ್ಲಿ ಸೂಜಿ ಬೋರ್ಡು ಒಂದು ಬಿಟ್ಟು ಎಲ್ಲ ಕಡೆ ಬಿತ್ತು. ಗೋಡೆಗೆ ಬಿತ್ತು, ಪೇಂಟರ್‌ನ ಟರ್ಪೆಂಟೈನ್ ಡಬ್ಬಕ್ಕೆ ಬಿತ್ತು. ಒಂದು ಸಲ ನಾನು ಆಗತಾನೇ ಪ್ಯಾಚ್ ಹಾಕಿ ನೇತುಹಾಕಿದ್ದ ಸ್ಕೂಟರ್ ಟ್ಯೂಬಿಗೆ ಬಿತ್ತು. ಟ್ಯೂಬಿನ ಯಜಮಾನ ಅಲ್ಲೇ ಕೂತು ಟೀ ಕುಡಿಯುತ್ತಿದ್ದ.

“ಏನಯ್ಯಾ, ಪ್ಯಾಚ್ ಆಕೋನೂ ನೀನೇ, ಪಂಕ್ಚರ್ ಮಾಡೋನೂ ನೀನೇನಾ? ಇದ್ಯಾವ್ ಹೊಸ ಯಾಪಾರ?” ಅಂದ.

ಅವತ್ತು ಅವನಿಗೆ ಎರಡು ಪ್ಯಾಚ್ ಹಾಕಿಕೊಟ್ಟೆ. ಎರಡನೆಯದು ಬಿಟ್ಟಿ. ಪೇಂಟರ್ ಇಂಗಾದರೆ ಆಗಲ್ಲ ಅಂದ. ಸುಮ್ಮನೆ ಎಸೆದರೆ ಕೈ ಕುದುರಲ್ಲ, ಆಟ ಕಟ್ಟಬೇಕು ಅಂದ. ಕಟ್ಟಿದೆವು.

ಮೊದಲನೆಯದು ಪ್ಯಾಚ್ ಆಟ. ಬೋರ್ಡಿನ ಮಧ್ಯೆ ಒಂದು ಕೆಂಪು ಚುಕ್ಕಿ ಇರುತ್ತದೆ. ಅದನ್ನು ಬೊಟ್ಟು ಅನ್ನುತ್ತಿದ್ದೆವು. ಅದರ ಮೇಲೆ ರಬ್ಬರ್ ಪ್ಯಾಚ್ ಅಂಟಿಸುವುದು. ಮೊದಲು ಲಾರಿ ಪ್ಯಾಚ್, ಅಂಗೈ ಅಗಲ. ಅದಕ್ಕೆ ಮೂರು ಸೂಜಿ ಒಟ್ಟಿಗೆ ಬಿದ್ದರೆ ಕಿತ್ತು ಸ್ಕೂಟರ್ ಪ್ಯಾಚ್. ಅದಕ್ಕೂ ಬಿದ್ದರೆ ಸೈಕಲ್ ಪ್ಯಾಚ್. ಸೈಕಲ್ ಪ್ಯಾಚಿಗೆ ಬಂದಾಗ ನನ್ನ ಕಣ್ಣು ಮಾಲಗಣ್ಣಾಯಿತು. ರಾತ್ರಿ ಮಲಗಿದರೆ ಚಂದ್ರನೂ ಸೈಕಲ್ ಪ್ಯಾಚಿನ ಹಾಗೆ ಕಾಣುತ್ತಿದ್ದ.

ಎರಡನೆಯದು ನಗಿಸೋ ಆಟ. ಒಬ್ಬ ಎಸೆಯುವಾಗ ಇನ್ನೊಬ್ಬ ಕಿವಿಯ ಹತ್ತಿರ ನಿಂತು ಏನು ಬೇಕಾದರೂ ಅನ್ನಬಹುದು. ನಕ್ಕರೆ ಔಟ್. ಪೇಂಟರ್ ಬಂದ ಗಿರಾಕಿಗಳ ಥರ ಮಾತಾಡುತ್ತಿದ್ದ, ಹುಂಜದ ಥರ ಕೂಗುತ್ತಿದ್ದ, ನನ್ನ ಹೆಡ್‌ಮೇಷ್ಟ್ರ ಥರ ಮೂಗು ಏರಿಸುತ್ತಿದ್ದ. ಮೊದಮೊದಲು ನಾನು ನಕ್ಕು ನಕ್ಕು ಸೂಜಿ ನೆಲಕ್ಕೆ ಬಿಡುತ್ತಿದ್ದೆ. ಆಮೇಲೆ ನನ್ನ ಮುಖ ಜಾಕ್ ಕೆಳಗೆ ಇಡುವ ಕಲ್ಲಿನ ಹಾಗೆ ಆಯಿತು. ಯಾರು ಏನಂದರೂ ಅಲುಗಾಡುತ್ತಿರಲಿಲ್ಲ.

ಮೂರನೆಯದು ಬಸ್ ಆಟ. ಇದು ನನಗೆ ಪ್ರಾಣ. ಒಂದು ಅಂದರೆ ಕೊಳ್ಳೇಗಾಲ ಬಸ್ ಸ್ಟ್ಯಾಂಡು. ಎರಡು ಮಧುವನಹಳ್ಳಿ. ಹೀಗೇ ಐದು ಅಂದರೆ ಕಾಮಗೆರೆ. ಹನೂರು ದಾಟಿ ಹತ್ತೊಂಬತ್ತು ಅಂದರೆ ಬಂಡಳ್ಳಿ, ನಮ್ಮೂರು. ಇಪ್ಪತ್ತು ಅಂದರೆ ಶಾಗ್ಯ. ಸ್ಟಾಪುಗಳು ಸಾಕಾಗದ ಕಡೆ ಹುಣಸೆ ಮರ, ಮೋರಿ, ಪೇಂಟರ್‌ನ ಅತ್ತೆ ಮನೆ ಎಲ್ಲ ಸೇರಿಸಿಕೊಂಡೆವು. ಸ್ಟಾಪು ಬಿಡದ ಹಾಗೆ ವರಸೆಯಾಗಿ ಒಂದೊಂದಕ್ಕೂ ಸೂಜಿ ಹೊಡೆದುಕೊಂಡು ಶಾಗ್ಯ ಮುಟ್ಟಬೇಕು. ಬೀಳದಿದ್ದರೆ ಅದೇ ಸ್ಟಾಪಿನಲ್ಲಿ ನಿಂತಿರಬೇಕು. ಪೇಂಟರ್ ಕಂಡಕ್ಟರ್ ಆಗುತ್ತಿದ್ದ. “ಕಾಮಗೆರೆ ಯಾರ್ರೀ ಇಳಿಯೋರು? ಇಳೀರಿ ಬೇಗ! ಲೇ, ಇನ್ನೂ ಅಲ್ಲೇ ನಿಂತು ಟೀ ಕುಡೀತಿದ್ದೀಯೇನ್ಲಾ?”

ಈ ಆಟದಲ್ಲೇ ನನ್ನ ಕೈಯ ರೋಗ ಗೊತ್ತಾಗಿದ್ದು. ಬೊಟ್ಟಿಗೆ ಎಸೆದರೆ ಸರಿ, ಬೋರ್ಡಿನ ಮೇಲ್ಗಡೆಗೆ ಎಸೆದರೆ ಮಾತ್ರ ನನ್ನ ಸೂಜಿ ಯಾವಾಗಲೂ ಒಂದು ಬೆರಳಷ್ಟು ಎಡಕ್ಕೆ ಹೋಗುತ್ತದೆ. ಕೊನೆಯಲ್ಲಿ ಶಾಗ್ಯಕ್ಕೆ ಗುರಿ ಇಟ್ಟರೆ ಬಂಡಳ್ಳಿಯಲ್ಲಿ ಇಳಿಯುತ್ತದೆ.

“ಅವ್ವನ್ ಕೈ ಮುದ್ದೆ ಗ್ಯಾನ ಬಂತೇನ್ಲಾ?” ಅಂತ ಪೇಂಟರ್ ಹಂಗಿಸುತ್ತಿದ್ದ. ಸೂಜಿಗೂ ಊರಿನ ಆಸೆ ಇರುತ್ತೆ ಬಿಡು ಅನ್ನುತ್ತಿದ್ದೆ. ನಮ್ಮ ಬೋರ್ಡಿನಲ್ಲಿ ಇಪ್ಪತ್ತರ ಎಡಕ್ಕೆ ಹತ್ತೊಂಬತ್ತು. ತಪ್ಪಿದರೂ ಒಂದೇ ಕಮ್ಮಿ. ಅದಕ್ಕಾಗಿ ಯಾರು ಕೈ ತಿದ್ದಿಕೊಳ್ಳುತ್ತಾರೆ? ನಾನು ತಿದ್ದಿಕೊಳ್ಳಲಿಲ್ಲ.

ಇಷ್ಟರಲ್ಲಿ ನನಗೆ ಯಳಂದೂರಿನಲ್ಲಿ ಹೆಣ್ಣು ಗೊತ್ತಾಯಿತು. ವೀಳ್ಯ ಬದಲಾಯಿಸಿದ ದಿನ ಊಟ ಆದ ಮೇಲೆ ಹುಡುಗಿಯ ಅಣ್ಣನೂ ನಾನೂ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದೆವು. ಅವನು ನನ್ನನ್ನು ಬಾವ ಅನ್ನಬೇಕು, ನಾನೂ ಅವನನ್ನು ಬಾವ ಅನ್ನಬೇಕು. ಅವನು ಮೊದಲು ಬೆಟ್ಟದ ಗೆಸ್ಟ್ ಹೌಸಿನಲ್ಲಿ ಅಡುಗೆಗೆ ಇದ್ದವನು. ಈಗ ಯಳಂದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ. ನನ್ನ ಹೆಬ್ಬೆಟ್ಟಿನ ತೂತುಗಳನ್ನು ನೋಡಿದ.

“ಏನ್ ಬಾವ, ಬೆಳ್ಳೆಲ್ಲಾ ಜರಡಿ ಆಗದೆ?”

“ಸೂಜಿ ಬೋರ್ಡು ಆಡ್ತೀನಿ ಬಾವ.”

ಅವನ ಕಣ್ಣು ಅಗಲ ಆಯಿತು. “ಡಾರ್ಟಾ? ನೀವು ಡಾರ್ಟ್ ಆಡ್ತೀರಾ? ಅಯ್ಯೋ, ನಾನೂ ಆಡ್ತೀನಿ! ಗೆಸ್ಟ್ ಹೌಸ್ಗೆ ಬಂದೋರು ಕಲ್ಸ್‌ಕೊಟ್ರು. ಗಿರಣಿ ಗೋಡೌನಲ್ಲಿ ಒಂದ್ ಬೋರ್ಡೇ ನೇತಾಕಿವ್ನಿ. ಯಂಗದೆ ನಿಮ್ ಕೈ?”

ಎಲೆ ಅಡಿಕೆ ಬಾಯಲ್ಲಿದ್ದರೆ ಮಾತು ಸ್ವಲ್ಪ ದೊಡ್ಡದಾಗಿಯೇ ಬರುತ್ತದೆ. “ಇಪ್ಪತ್ತು ಬುಟ್ಟು ಕೆಳಗಿಳಿಯಲ್ಲ ಬಾವ. ಇಪ್ಪತ್ತು, ತಪ್ಪಿದ್ರೆ ಹತ್ತೊಂಬತ್ತು” ಅಂದೆ.

ಬಾವ ಅಗಿಯುವುದನ್ನು ನಿಲ್ಲಿಸಿದ. “ತಪ್ಪಿದ್ರೆ ಹತ್ತೊಂಬತ್ತಾ? ಇಪ್ಪತ್ತು ಮ್ಯಾಲದೆ, ಹತ್ತೊಂಬತ್ತು ತಳದಲ್ಲದೆ. ತಪ್ಪಿದ್ರೆ ಅಲ್ಲಿಗೆ ಯಂಗ್ ಓಯ್ತದೆ?”

ಅವನು ಏನೋ ಒಗಟು ಹಾಕುತ್ತಿದ್ದಾನೆ ಅಂದುಕೊಂಡೆ. “ಮ್ಯಾಲೆ ಕೆಳ್ಗೆ ಎಲ್ಲಾ ನಂಗೊಂದೇ ಬಾವ” ಅಂತ ಎದ್ದು ಉಗುಳಿ ಬಂದು ಕೂತೆ.

ಬಾವ ಗಾಬರಿ ಬಿದ್ದ. ಗಾಬರಿ ಬಿದ್ದ ಗಂಡಸು ಬಾಜಿ ಕಟ್ಟುತ್ತಾನೆ. “ಅಂಗಾರೆ ಬಾಜಿ. ಮುಂದಿನ್ ಬಾನ್ವಾರ ಗಿರಣೀಲಿ. ಸೋತೋನು ಮೀಸೆ ಕೊಡ್ಬೇಕು.”

“ಸೈ!” ಅಂದೆ.

ಒಳಗಿನ ಬಾಗಿಲ ಸಂದಿಯಿಂದ ನನ್ನ ಹೆಂಡತಿಯಾಗುವವಳ ದನಿ ಬಂತು. ಪಕ್ಕದವಳಿಗೆ ಹೇಳಿದ ಹಾಗೆ ನನಗೇ ಹೇಳಿದಳು. “ನಾನ್ ಒಪ್ಕಂಡಿದ್ದು ಮೀಸೆ ನೋಡಿ ಕಣಮ್ಮಿ. ಮೀಸೆ ಇಲ್ದೆ ಬಂದ್ರೆ ಆರ ತಕಂಡು ನಾನ್ ಒಂಟೋಯ್ತೀನಿ.” ಒಳಗೆ ನಗೆಯೋ ನಗೆ. ನನ್ನ ಮೀಸೆ ಬಂದಿದ್ದೇ ಲೇಟು. ಬಂದ ಮೇಲೆ ಚೆನ್ನಾಗಿ ಬಂದಿತ್ತು. ಮುಟ್ಟಿ ನೋಡಿಕೊಂಡೆ.

ಮಾರನೇ ದಿನ ಅಪ್ಪ ಬಂಡಳ್ಳಿಯಿಂದ ಮೊದಲ ಬಸ್ಸಿಗೇ ಬಂದು ಅಂಗಡಿ ಮುಂದೆ ನಿಂತ. ಯಾರೋ ಬಾಜಿಯ ಸುದ್ದಿ ಮುಟ್ಟಿಸಿದ್ದರು.

“ನಾನ್ ಯಾವತ್ ಸತ್ತೆ ಯೋಳ್ಲಾ” ಅಂದ.

“ಏನಪ್ಪೋ ಅಂಗಂದ್ರೆ?”

“ಮೀಸೆ ತಗಿಸ್ತೀಯಂತಲ್ಲ. ನಾನ್ ಸತ್ತಿದ್ದು ಯಾವತ್ತು ಅಂತ ನಂಗೂ ಯೋಳು. ತಿಥಿ ಊಟಕ್ಕೆ ನಾನೂ ಬತ್ತೀನಿ.”

ಆಗ ನನಗೆ ಹೊಳೆಯಿತು. ನಮ್ಮ ಕಡೆ ಮಗ ಮೀಸೆ ತೆಗೆಸುವುದು ಅಪ್ಪ ಹೋದಾಗ. ಅಪ್ಪ ಬದುಕಿರುವಾಗ ತೆಗೆಸಿದರೆ ಅಪ್ಪನನ್ನು ಕಳಿಸಿಕೊಟ್ಟ ಹಾಗೇ. ಜಗಲಿಯ ಮೇಲೆ ಕೂತು ಸೈ ಅಂದಾಗ ಇದು ನನಗೂ ನೆನಪಾಗಲಿಲ್ಲ, ಬಾವನಿಗೂ ನೆನಪಾಗಲಿಲ್ಲ. ಇಬ್ಬರೂ ಎಲೆ ಅಡಿಕೆ ಗುಂಗಿನಲ್ಲಿದ್ದೆವು.

“ಮದ್ವೆ ಚಪ್ಪರದಲ್ಲಿ ಗಂಡು ಮೀಸೆ ಇಲ್ದೆ ಕೂತ್ರೆ, ಬಂದೋರೆಲ್ಲಾ ಮುಯ್ಯಿ ಮಡಗೋದ್ ಬುಟ್ಟು ನನ್ ಫೋಟೋ ಉಡುಕ್ತಾರೆ ಕಣ್ಲಾ, ಆರ ಆಕಕ್ಕೆ! ಸಾವಿನ್ ಮನೇಲಿ ಮದ್ವೆ ಏನು ಅಂತ ಅರ್ಧ ಜನ ಉಣ್ದೆ ವಾಪಸ್ ಓಯ್ತರೆ!”

“ಬಾಜಿ ಬುಟ್ಬುಡ್ಲಾ ಅಪ್ಪೋ?”

ಅಪ್ಪ ತನ್ನ ಮೀಸೆ ಸವರಿದ. ಅಪ್ಪನದು ಮೀಸೆ ಅಲ್ಲ, ಎರಡು ಕುಡುಗೋಲು. ಹರಳೆಣ್ಣೆ ಹಾಕಿ ಸಾಕಿದ್ದು. ಅಂಬಲಿ ಕುಡಿದರೆ ಅದಕ್ಕೂ ಒಂದು ಪಾಲು ಹೋಗುತ್ತಿತ್ತು.

“ಆಡಿದ್ ಮಾತು ಬುಡಕ್ಕಾಯ್ತದಾ? ಗೆಲ್ಲು. ಅಷ್ಟೇಯ. ಎಲ್ಲಿ, ಒಡಿ ನೋಡವ.”

ಹೊಡೆದೆ. ಬಂಡಳ್ಳಿಗೆ ಬಿತ್ತು. ಅಪ್ಪ ಲಾರಿ ಟೈರಿನ ಮೇಲೆ ಕೂತವನು ಸಂಜೆಯ ತನಕ ಏಳಲಿಲ್ಲ. ಆ ವಾರ ಪೂರ್ತಿ ದಿನಾ ಬಂದ. “ಸೂಜಿ ನೋಡ್ಬ್ಯಾಡ್ವೋ, ಗುರಿ ನೋಡು. ಮಾವಿನ್ಕಾಯಿ ಒಡೀವಾಗ ಕಲ್ ನೋಡ್ತಿದ್ಯಾ? ನಮ್ ತ್ವಾಟದಲ್ಲಿ ಒಂದ್ ಕಾಯಿ ಉಳಿಸ್ದೋನಲ್ಲ ನೀನು.” ನಗಿಸೋ ಆಟಕ್ಕೂ ಅಪ್ಪ ಸೇರಿಕೊಂಡ. ನಾನು ಗುರಿ ಇಟ್ಟಾಗ ಹೆಗಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಂಡು “ಅಯ್ಯೋ ನಾನ್ ಸತ್ತೋದ್ನಲ್ಲಪ್ಪೋ” ಅಂತ ರಾಗವಾಗಿ ಅಳುತ್ತಿದ್ದ. ಪೇಂಟರ್ ನೆಲಕ್ಕೆ ಬಿದ್ದು ಹೊರಳಿದ. ನಾನು ನಗಲಿಲ್ಲ. ಸೂಜಿ ನೆಟ್ಟಗೆ ಹೋಗಿ ಬಂಡಳ್ಳಿಗೆ ಬಿತ್ತು. ಸೈಕಲ್ ಪ್ಯಾಚಿಗೆ ಮೂರಕ್ಕೆ ಎರಡು ಬೀಳುತ್ತಿತ್ತು. ಗೆದ್ದೆವು ಅಂದುಕೊಂಡೆವು.

ಭಾನುವಾರ ಮೂವರೂ ಯಳಂದೂರು ಬಸ್ಸು ಹತ್ತಿದೆವು. ಗಿರಣಿಗೆ ರಜೆ. ಆದರೂ ಗೋಡೌನಿನಲ್ಲಿ ಜನ ಇದ್ದರು, ಸುದ್ದಿಗೆ ರಜೆ ಇಲ್ಲವಲ್ಲ. ಮೂಲೆಯಲ್ಲಿ ಒಬ್ಬ ಕ್ಷೌರದವನು ಪೆಟ್ಟಿಗೆ ಬಿಚ್ಚಿ, ಕತ್ತಿ ಮಸೆದು, ಬಟ್ಟಲಿಗೆ ನೀರು ಹಾಕಿಕೊಂಡು ಕೂತಿದ್ದ. ಅವನು ಯಾರ ಕಡೆಯವನೂ ಅಲ್ಲ. ಯಾರು ಸೋತರೂ ಅವನಿಗೆ ಕೆಲಸ.

ಹುಡುಗಿಯ ಅಪ್ಪ, ನನ್ನ ಮಾವ ಆಗುವವರು, ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡರು. ಅವರ ಮೀಸೆಯೂ ಕಮ್ಮಿ ಇರಲಿಲ್ಲ.

“ಬೀಗ್ರೇ, ಈ ಐಕ್ಳು ನಮ್ಮಿಬ್ರಲ್ಲಿ ಒಬ್ರುನ್ನ ಕಳಿಸ್ದೆ ಬುಡಲ್ಲ ಕಣ್ರಿ.”

“ನಾನಂತೂ ಓಗಲ್ಲ ಬೀಗ್ರೇ. ನೀವ್ ಒಂಟಿದ್ರೆ ಯೋಳಿ, ಬಸ್ ಸ್ಟ್ಯಾಂಡ್‌ಗಂಟ ಬತ್ತೀನಿ” ಅಂದ ಅಪ್ಪ.

ಇಬ್ಬರೂ ಒಂದೇ ಭತ್ತದ ಮೂಟೆಯ ಮೇಲೆ ಕೂತರು. ಬದುಕಿದ್ದೇವೆ ಅಂತ ಎಲ್ಲರಿಗೂ ಕಾಣಲಿ ಅನ್ನುವ ಹಾಗೆ ಜೋರಾಗಿ ಕೆಮ್ಮಿದರು.

ಬಾವ ಗೋಡೆಗೆ ಹಾಕಿದ್ದ ಗೋಣಿ ತಾಟು ಎತ್ತಿದ. ಬೋರ್ಡು ಕಂಡಿತು. ನಾನು ನೋಡಿದೆ, ಪೇಂಟರ್ ನೋಡಿದ. ಪೇಂಟರ್‌ಗೆ ತಡೆಯಲಾಗಲಿಲ್ಲ.

“ಯಾರ್ರೀ ಬರ್ದಿದ್ದು ಇದ್ನ? ಕುಡ್ಕಂಡ್ ಬರ್ದವ್ನೆ! ನಂಬರೆಲ್ಲಾ ಎಲ್ಲೆಲ್ಲೋ ಓಗವೆ. ಒಂದ್ ಡಬ್ಬಿ ಪೇಂಟ್ ತರ್ಸಿ, ಈಗ್ಲೇ ಸರಿ ಮಾಡ್ಕೊಡ್ತೀನಿ.”

ಬಾವ ನಮ್ಮನ್ನು ಒಂದು ಸಲ ನೋಡಿ, “ಪ್ರಪಂಚದಲ್ಲೆಲ್ಲಾ ಇಂಗೇ ಇರೋದು. ಇಪ್ಪತ್ತರ ಅಕ್ಕಪಕ್ಕ ಒಂದು, ಐದು ಮಡಗವ್ರೆ. ಗುರಿ ತಪ್ದೋನ್ಗೆ ಬುದ್ಧಿ ಬರ್ಲಿ ಅಂತ. ಯಾಕೆ, ನಿಮ್ ಬೋರ್ಡು ಯಂಗದೆ?” ಅಂದ.

ನಾನು ನಂಬರುಗಳ ಮೇಲೆ ಬೆರಳಿಟ್ಟು ಓದಿದೆ. ಗುಜರಿಯವನ ಬೋರ್ಡಿನಲ್ಲಿ ಇದ್ದದ್ದೂ ಇದೇ. ಇಪ್ಪತ್ತು, ಒಂದು, ಹದಿನೆಂಟು, ನಾಲ್ಕು. ಒಂದು ಬೋರ್ಡಿನಲ್ಲಿ ಇದ್ದರೆ ತಪ್ಪು. ಎರಡು ಬೋರ್ಡಿನಲ್ಲಿ ಅದೇ ತಪ್ಪು ಇದ್ದರೆ ಅದು ತಪ್ಪಲ್ಲ. ತಪ್ಪು ನಾವು. ಪೇಂಟರ್ ಕಡೆ ತಿರುಗಿದೆ. ಅವನು ಸೂರಿನ ಜಂತಿ ಎಣಿಸುತ್ತಿದ್ದ.

ಆಟ ಸರಳ. ಒಬ್ಬೊಬ್ಬರಿಗೆ ಮೂರು ಸರದಿ, ಸರದಿಗೆ ಮೂರು ಸೂಜಿ. ಕೂಡಿದಾಗ ಜಾಸ್ತಿ ಬಂದವನು ಗೆದ್ದ. ಮೊದಲ ಸೂಜಿ ಇಪ್ಪತ್ತಕ್ಕೆ ಇಟ್ಟೆ. ಅದು ಅಭ್ಯಾಸದಂತೆ ಒಂದು ಬೆರಳು ಎಡಕ್ಕೆ ಹೋಯಿತು.

“ಬಂಡಳ್ಳಿ!” ಅಂತ ಕೂಗಿದ ಪೇಂಟರ್. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದ. ದನಿ ಇಳಿಸಿದ. “ಅಲ್ಲ ಕಣ್ಲಾ... ಕಾಮಗೆರೆ.”

ಎರಡನೆಯದೂ ಕಾಮಗೆರೆ. ಮೂರನೆಯದೂ ಕಾಮಗೆರೆ. ಗೋಡೌನಿನ ಜನಕ್ಕೆ ಏನೂ ಅರ್ಥ ಆಗಲಿಲ್ಲ, ಆದರೆ ಮೂರನೇ ಸಲಕ್ಕೆ ಅವರೂ ಸೇರಿ “ಕಾಮಗೆರೆ!” ಅಂದರು. ಬಾವ ಇಪ್ಪತ್ತಕ್ಕೆ ಎರಡು ಹೊಡೆದು ಮೀಸೆಯ ತುದಿ ತಿರುವಿದ. ಮಾವ ಮೂಟೆಯ ಮೇಲೆ ಸ್ವಲ್ಪ ಸಡಿಲವಾಗಿ ಕೂತರು. ಅಪ್ಪ ಕೆಮ್ಮುವುದನ್ನು ನಿಲ್ಲಿಸಿದ.

ಪೇಂಟರ್ ಕಿವಿಯಲ್ಲಿ ಹೇಳಿದ. “ಸುತ್ತ ಇರೋ ನಂಬರ್ ನೋಡ್ಲೇ ಬ್ಯಾಡ. ಬೊಟ್ಟು ಎಲ್ಲಾ ಬೋರ್ಡಲ್ಲೂ ಮಧ್ಯದಲ್ಲೇ ಇರ್ತದೆ. ಸೈಕಲ್ ಪ್ಯಾಚ್ ಅನ್ಕೊ.”

ಅನ್ಕೊಂಡೆ. ಗೋಡೌನು ಹೋಯಿತು, ಜನ ಹೋದರು, ಒಂದು ಕೆಂಪು ಸೈಕಲ್ ಪ್ಯಾಚ್ ಉಳಿಯಿತು. ಬಾವನ ಕಡೆಯವರು ನನ್ನ ಕೈ ಕೆಡಿಸಬೇಕು ಅಂತ ಶುರುಮಾಡಿದರು. “ಅಯ್ಯೋ, ಮದ್ವೆ ಗಂಡು ನಡುಗ್ತಾ ಅವ್ನೆ!” “ಮೀಸೆ ಇಲ್ದಿದ್ರೇನು, ಕಾಡಿಗೇಲಿ ಬರ್ಕಳವ ಬುಡಿ ಬಾವ!” “ಪೇಂಟರ್‌ನೂ ಜೊತೇಲೇ ಕರ್ಕಂಡ್ ಬಂದವ್ನಲ್ಲ, ಅದ್ಕೇಯ!” ಒಳ್ಳೊಳ್ಳೆ ಮಾತುಗಳೇ. ಬೇರೆ ದಿನ ಆಗಿದ್ದರೆ ಕೂತು ನಗುತ್ತಿದ್ದೆ. ಅಪ್ಪನ ಸಾವಿನ ಹಾಡು ಕೇಳಿದವನಿಗೆ ಇದು ಯಾವ ಲೆಕ್ಕ? ಸೂಜಿ ಬಿಟ್ಟೆ. ಬೊಟ್ಟಿಗೇ ಬಿತ್ತು. ಬೊಟ್ಟು ಅಂದರೆ ಐವತ್ತು. ಪೇಂಟರ್ ಎಗರಿ ಗಿರಣಿಯ ತಕ್ಕಡಿಯ ಮೇಲೆ ಬಿದ್ದ. ಅಪ್ಪ ಎದ್ದು ನಿಂತು, “ಬದ್ಕಿವ್ನಿ! ನಾನ್ ಬದ್ಕಿವ್ನಿ!” ಅಂದ. ಮಾವ ಕೆಮ್ಮತೊಡಗಿದರು.

ಕೊನೇ ಸರದಿಗೆ ಇಬ್ಬರದೂ ಹತ್ತಿರ ಹತ್ತಿರ. ಬಾವ ಮೊದಲು ಎಸೆದು ಮುಂದೆ ಹೋದ. ನಾನು ಬೊಟ್ಟಿಗೆ ಇಟ್ಟ ಎರಡು ಸೂಜಿಯೂ ಜಾರಿ ಪಕ್ಕದ ಮನೆಗಳಿಗೆ ಬಿದ್ದವು, ಬೊಟ್ಟಿನ ಮೇಲಿನ ನಂಬಿಕೆ ಹೋಯಿತು; ಆದರೂ ಬಾವನ ಹಿಂದೆಯೇ ಬಂದೆ. ಕೊನೆಯ ಒಂದು ಸೂಜಿ ಕೈಯಲ್ಲಿತ್ತು. ಹತ್ತರ ಮೇಲೆ ಏನು ಬಿದ್ದರೂ ನಾನು ಗೆದ್ದೆ. ಬೋರ್ಡಿನಲ್ಲಿ ಹತ್ತರ ಮೇಲಿನ ಮನೆಗಳು ಬೇಕಾದಷ್ಟಿದ್ದವು. ಆದರೆ ಅವುಗಳ ಮಗ್ಗುಲಲ್ಲೆಲ್ಲ ಎರಡು, ಮೂರು, ನಾಲ್ಕು ಅಂತ ಹಲ್ಲು ಕಿರಿಯುತ್ತಾ ಕೂತಿದ್ದವು.

ಪೇಂಟರ್ ಮತ್ತೆ ಬಂದ. ಅವನ ತಲೆ ಓಡಿತ್ತು. “ಲೇ, ಒಂದಕ್ಕೆ ಗುರಿ ಇಡ್ಲಾ. ಒಂದರ ಎಡಕ್ಕೆ ಇಪ್ಪತ್ತದೆ. ನಿನ್ ಸೂಜಿ ಯಂಗೂ ಎಡಕ್ಕೇ ಓಯ್ತದೆ. ಇಪ್ಪತ್ತಕ್ಕೇ ಬೀಳ್ತದೆ.”

ಎಷ್ಟು ಚೆನ್ನಾಗಿರೋ ಮಾತು. ರೋ‌ಗಾನೇ ಔಷಧ ಮಾಡಿದ್ದ. ಒಂದಕ್ಕೆ ಗುರಿ ಇಟ್ಟೆ. ಉಸಿರು ಹಿಡಿದೆ. ಅಪ್ಪ ಹಿಂದಿನಿಂದ “ಮಾವಿನ್ಕಾಯಿ!” ಅಂದ. ಬಿಟ್ಟೆ.

ಬೋರ್ಡಿನ ಮೇಲ್ಗಡೆಗೆ ನಾನು ಎಸೆದ ಸೂಜಿಗಳಲ್ಲೆಲ್ಲ ಮೊದಲ ಸಲ, ಆ ಸೂಜಿ ಒಂದು ಕೂದಲೂ ಆಚೀಚೆ ಆಗದೆ ನೆಟ್ಟಗೆ ಹೋಯಿತು. ಗುರಿ ಇಟ್ಟ ಜಾಗಕ್ಕೇ ಬಿತ್ತು. ಒಂದು.

ಪೇಂಟರ್ ಮೆತ್ತಗೆ ಅಂದ. “ಕೊಳ್ಳೇಗಾಲ. ಬಸ್ಸೇ ಒಂಟಿಲ್ಲ.”

ಕ್ಷೌರದವನು ಬಟ್ಟಲಿನಲ್ಲಿ ಕೈ ಅದ್ದಿದ. ನಾನು ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹಾರ ತೆಗೆದುಕೊಂಡು ಹೊರಟುಹೋಗುವ ಹುಡುಗಿ ಕಣ್ಣ ಮುಂದೆ ಬಂದಳು. ಬಾವನ ಮುಖವೂ ಗೆದ್ದವನ ಮುಖದ ಹಾಗೆ ಇರಲಿಲ್ಲ. ತಂಗಿಗೆ ಏನು ಹೇಳಬೇಕು ಅಂತ ಅವನಿಗೂ ಚಿಂತೆ ಹತ್ತಿಕೊಂಡಿತ್ತು. ಆಗ ಅಪ್ಪ ಭತ್ತದ ಮೂಟೆಯಿಂದ ಇಳಿದು ಬಂದ.

“ಏಳ್ಲಾ ಮ್ಯಾಕೆ. ಬಾಜಿ ಕಟ್ದಾಗ ಏನಂದ್ರಿ? ಸೋತೋನು ಮೀಸೆ ಕೊಡ್ಬೇಕು ಅಂದ್ರಿ. ಅವಂದೇ ಮೀಸೆ ಕೊಡ್ಬೇಕು ಅಂದ್ರಾ?”

ಬಾವ ತಲೆ ಕೆರೆದುಕೊಂಡ. “ಮೀಸೆ ಅಂದ್ವಿ ಮಾವ. ಯಾರ್ದು ಅಂತ ಅನ್ಲಿಲ್ಲ.”

“ಸರಿ ಓಯ್ತು. ಅವ್ನ್ ಮೀಸೆ ತಗುದ್ರೆ ನಾನ್ ಸತ್ತಂಗೆ. ನನ್ ಮೀಸೆ ತಗುದ್ರೆ ಸಾಯೋರ್ ಯಾರೂ ಇಲ್ಲ. ನಮ್ಮಪ್ಪ ಓಗಿ ಯಾವ್ ಕಾಲ ಆಯ್ತು. ತಗಿಯಪ್ಪ, ನಂದ್ ತಗಿ.”

“ಬ್ಯಾಡಿ ಬೀಗ್ರೇ, ಬ್ಯಾಡಿ!” ಅಂತ ಮಾವ ಬಂದರು.

“ಆಡಿದ್ ಮಾತು ಬೀಗ್ರೇ. ನೀವ್ ಸುಮ್ಕಿರಿ.”

ಅಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ ಕೂತುಬಿಟ್ಟ. ಕ್ಷೌರದವನು ಆ ಎರಡು ಕುಡುಗೋಲುಗಳನ್ನು ಹಿಂದೆ ಮುಂದೆ ನೋಡಿ, “ಇಷ್ಟ್ ದೊಡ್ಡದು ಅಂತ ಮೊದ್ಲೇ ಯೋಳ್ಬಾರ್ದಾ ಸಾ? ದೊಡ್ಡ್ ಕತ್ರಿ ಮನೇಲ್ ಬುಟ್ ಬಂದಿವ್ನಿ” ಅಂದ. ಮೊದಲು ಕತ್ತರಿ, ಆಮೇಲೆ ಸೋಪು, ಆಮೇಲೆ ಕತ್ತಿ. ಮೀಸೆ ಒಂದೊಂದೇ ತುಂಡಾಗಿ ಗೋಡೌನಿನ ನೆಲಕ್ಕೆ ಬಿತ್ತು. ಜನ ಹೆಗಲ ಟವೆಲ್ ತೆಗೆದು ನಿಂತರು.

ಮುಗಿದ ಮೇಲೆ ಅಪ್ಪ ತಿರುಗಿದ. ಬಿಸಿಲಲ್ಲಿ ಬೆಂದ ಕರಿ ಮುಖದ ಮಧ್ಯೆ ಮೂಗಿನ ಕೆಳಗೆ ಮಾತ್ರ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬೆಳ್ಳಗೆ ಒಂದು ಪಟ್ಟಿ. ತುಟಿ ಎಷ್ಟು ಉದ್ದ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಆ ವಾರವೆಲ್ಲ ಏನೆಂದರೂ ನಗದ ನನಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡೆ. ಪೇಂಟರ್ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಅಪ್ಪ ಕನ್ನಡಿ ಇಸಿದುಕೊಂಡು ನೋಡಿಕೊಂಡ. “ಥೂ, ಇವ್ನ್ಯಾರ್ಲಾ?” ಅಂದ. ಆಮೇಲೆ ಅವನೂ ಶುರುಮಾಡಿದ. ಭತ್ತದ ಮೂಟೆಗಳೂ ಅಲ್ಲಾಡಿದವು ಅನಿಸಿತು.

ಬಂಡಳ್ಳಿಗೆ ಹೋದಾಗ ಅವ್ವ ಬಾಗಿಲಿಗೆ ಬಂದವಳು ಸೆರಗು ಎಳೆದುಕೊಂಡು ಅಪ್ಪನಿಗೆ, “ಯಾರ್ ಬೇಕಿತ್ತಪ್ಪಾ? ಅವ್ರು ಮನೇಲಿಲ್ಲ” ಅಂದಳು.

“ನಾನ್ ಕಣಮ್ಮಿ” ಅಂದ ಅಪ್ಪ.

ಅವ್ವ ಹೊಸಲ ಮೇಲೆ ಕೂತವಳು ದನ ಬರುವ ತನಕ ಏಳಲಿಲ್ಲ. ನಗು ನಿಂತಾಗ ಅಪ್ಪನ ಮುಖ ನೋಡುವುದು, ಮತ್ತೆ ಶುರುಮಾಡುವುದು.

ಮದುವೆಯ ದಿನ ನಾನು ಮೀಸೆ ಸಮೇತ ಕೂತೆ. ಬಂದ ನೆಂಟರು ನನ್ನನ್ನು ನೋಡಿ ಖುಷಿಯಾಗಿ, ಅಪ್ಪನನ್ನು ನೋಡಿ ಮುಖ ಸಣ್ಣ ಮಾಡಿ, “ಯಾರ್ ಓದ್ರು ಗೌಡ್ರೇ? ನಮ್ಗೆ ಸುದ್ದೀನೇ ಇಲ್ಲ” ಅನ್ನುತ್ತಿದ್ದರು. ಅಪ್ಪ, “ನಾನೇ ಓಗ್ಬೇಕಿತ್ತು, ಬಸ್ ತಪ್ಪೋಯ್ತು” ಅನ್ನುತ್ತಿದ್ದ. ಅಷ್ಟೇ. ಹುಡುಗಿ ಹಾರ ಹಾಕುವಾಗ ಮೆಲ್ಲಗೆ, “ಮೀಸೆ ಉಳಿಸ್ಕಂಡ್ರಲ್ಲ” ಅಂದಳು. “ನಿಮ್ ಮಾವಂದು ಓಯ್ತು” ಅಂದೆ. ಅವಳಿಗೆ ಅಣ್ಣ ಮೊದಲೇ ಎಲ್ಲ ಹೇಳಿದ್ದ, ನಗು ತಡಕೊಂಡಿದ್ದಳು. ಆ ಮಾತಿಗೆ ಬಿಟ್ಟುಬಿಟ್ಟಳು. ಹಾರದ ಫೋಟೋದಲ್ಲಿ ಅವಳ ಬಾಯಿ ಇಷ್ಟಗಲ ತೆರೆದಿದೆ. ಹಿಂದೆ ಅಪ್ಪನ ಬಿಳಿ ತುಟಿ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತಿದೆ. ಅದನ್ನೇ ಫ್ರೇಮ್ ಹಾಕಿಸಿದ್ದೇವೆ.

ಪೇಂಟರ್ ನಮ್ಮ ಬೋರ್ಡಿಗೆ ಮತ್ತೆ ಕಪ್ಪು ಬಳಿದು, ಯಳಂದೂರಿನ ವರಸೆಯಲ್ಲೇ ನಂಬರು ಬರೆದ. ಬರೆಯುವಾಗ ಅವನ ಮುಖ ನೋಡಬೇಕಿತ್ತು. ಗೊತ್ತಿದ್ದೂ ತಪ್ಪು ಬರೆಯುವ ಸಂಕಟ. ಈಗ ಬಸ್ ಆಟದ ದಾರಿ ಕೆಟ್ಟುಹೋಗಿದೆ. ಕೊಳ್ಳೇಗಾಲ ಮೇಲೆ, ಮಧುವನಹಳ್ಳಿ ತಳದಲ್ಲಿ, ಕಾಮಗೆರೆ ಮತ್ತೆ ಮೇಲೆ. “ಈಗ ಸರಿಯಾಗದೆ ಬುಡು, ನಮ್ ರೋಡೂ ಇಂಗೇ ಅಲ್ವಾ, ಎಲ್ ನೆಟ್ಗದೆ?” ಅನ್ನುತ್ತಾನೆ ಪೇಂಟರ್.

ಅಪ್ಪ ಸಂತೆಯ ದಿನ ಬಂದರೆ ಲಾರಿ ಟೈರಿನ ಮೇಲೆ ಕೂರುವುದಿಲ್ಲ. ಸೂಜಿ ಕೇಳುತ್ತಾನೆ. ಮೀಸೆ ಅರ್ಧ ಬಂದಿದೆ, ಕೈ ಇನ್ನೂ ಅಷ್ಟೂ ಬಂದಿಲ್ಲ. ಅವನ ಕಣ್ಣು ನನ್ನ ಮಾವನ ಮೀಸೆಯ ಮೇಲಿದೆ.

“ಅವ್ರಪ್ಪಾನೂ ಓಗಿ ಕಾಲ ಆಯ್ತಂತೆ. ವಿಚಾರ್ಸಿವ್ನಿ” ಅನ್ನುತ್ತಾನೆ.

ಬಸ್ ಆಟದಲ್ಲಿ ಅಪ್ಪ ಶಾಗ್ಯ ಮುಟ್ಟಿದ ದಿನ ಯಳಂದೂರಿಗೆ ಹೋಗಿ ಬಾಜಿ ಕಟ್ಟುವುದು ಅಂತ ಮಾತಾಗಿದೆ. ಮಾವನಿಗೂ ಹೇಳಿ ಕಳಿಸಿದ್ದಾನೆ. ಮೊನ್ನೆ ಬಾವ ಗಿರಣಿಯ ಲಾರಿಯಲ್ಲಿ ಬಂದವನು ಅಂಗಡಿ ಮುಂದೆ ಇಳಿದ.

“ಬಾವ, ನಮ್ಮಪ್ಪ ಕೇಳ್ಕಂಡ್ ಬಾ ಅಂದ್ರು. ಬೀಗ್ರು ಎಲ್ಲಿಗ್ ಬಂದ್ರಂತೆ?”

ಒಳಗೆ ಅಪ್ಪ ಗುರಿ ಇಟ್ಟು ನಿಂತಿದ್ದ. ಸೂಜಿ ಬಿಟ್ಟ. ಗೋಡೆಗೆ ಬಿತ್ತು.

“ಕಾಮಗೆರೆ” ಅಂದೆ.

“ಇನ್ನೂವಾ? ಓದ್ ಸಂತೇಲೂ ಅಲ್ಲೇ ಇದ್ರಲ್ಲ!” ಬಾವ ಲಾರಿ ಹತ್ತುತ್ತಾ ಅಂದ. “ಅಂಗಾರೆ ಇವತ್ತೂ ಮೀಸೆಗೆ ಎಣ್ಣೆ ಅಚ್ಕಳಿ ಅಂತ ಯೋಳ್ತೀನಿ.”